ಮೇಣ

ಈಸಾ ಟೌನಿನ ಒಳಾಂಗಣ. ಗೋಲಿನ ಹಿಂದೆ
ಮಡಚು ಸ್ಟೂಲಿನಲ್ಲಿ ನಾನು, ತೊಡೆಯ ಮೇಲೆ ಒರೆಸುಬಟ್ಟೆ.
ಯಾರಾದರೂ ಬಿದ್ದರೆ ಓಡಬೇಕು,
ಬೆವರೊರೆಸಿ ವಾಪಸ್ಸು. ಆರೇ ಸೆಕೆಂಡು.

ಚೆಂಡು ಜಾರದಿರಲೆಂದು ಹುಡುಗಿಯರ ಬೆರಳಿಗೆ ಮೇಣ.
ಬೆರಳಿಂದ ಚೆಂಡಿಗೆ, ಚೆಂಡಿಂದ ಕಂಬಕ್ಕೆ, ನೆಲಕ್ಕೆ,
ಗೋಲ್‌ಕೀಪರಿನ ಅಂಗೈಗೆ.
ರಾತ್ರಿ ಅದನ್ನು ಕೀಳುವವಳೂ ನಾನೇ.
ರೊವೆನಾ ಮೇಡಂ ಕೊಟ್ಟ ದ್ರಾವಣಕ್ಕೆ ಅದು ಜಗ್ಗಲಿಲ್ಲ;
ತಲೆಗೆಂದು ತಂದ ಕೊಬ್ಬರಿ ಎಣ್ಣೆ ಸುರಿದೆ.
ಹಲಸು ಬಿಡಿಸಿದ ಕೈಗೆ ಯಾರು ಪಾಠ ಹೇಳಬೇಕು?

ಇವತ್ತು ಏಳು ಮೀಟರಿನ ಎಸೆತ.
ಟ್ಯುನೀಶಿಯಾದ ಹದಿನಾರನೇ ನಂಬರು
ಕೈಕಾಲು ಅಗಲಿಸಿ ತಾನೇ ಕದವಾಗಿ ನಿಂತಳು.
ಚೆಂಡು ಮುಖಕ್ಕೇ ಬಡಿಯಿತು. ಗೋಲು ಉಳಿಯಿತು.
ಚಪ್ಪಾಳೆಯೋ ಚಪ್ಪಾಳೆ.
ಅವಳು ಮಾತ್ರ ಮೂಗು ಹಿಡಿದು ಕುಸಿದಲ್ಲೇ.

ಓಡಿದೆ. ಬಟ್ಟೆಗೆ ಬಂದದ್ದು ಬೆವರಲ್ಲ, ಕೆಂಪು.
ಏಳಲು ನನ್ನ ಹೆಗಲು ಹಿಡಿದಳು,
ತನ್ನ ಭಾಷೆಯಲ್ಲಿ ಏನೋ ಅಂದಳು,
ನಾನು ತುಳುವಿನಲ್ಲಿ ಬೈದೆ, ತಂಗಿಗೆ ಬೈದ ಹಾಗೆ.
ಆರು ಸೆಕೆಂಡು ಯಾವಾಗಲೋ ಮುಗಿದಿತ್ತು.

ಗೆದ್ದರೋ ಸೋತರೋ, ಬೋರ್ಡು ನನ್ನ ಬೆನ್ನಿಗಿತ್ತು.
ರೂಮಿನಲ್ಲಿ ಅಂಗಿ ಕಳಚಿದರೆ
ಹೆಗಲಿಗೆ ನಾಲ್ಕು ಬೆರಳು, ಅಂಟಂಟು.
ಎಣ್ಣೆ ಬಾಟಲಿ ಕಿಟಕಿಯಲ್ಲೇ ಇದೆ.
ಇರುವುದು ಎರಡೇ ಯೂನಿಫಾರ್ಮು,
ಇನ್ನೊಂದು ಒದ್ದೆ.
ಲೈಟು ಆರಿಸಿ ಮಲಗಿದೆ.