ಲೆಸಿಯೆಲಿಯ ಗೆಣಸಿನ ಪಾತಿಯಲ್ಲಿ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಸರಿ.
ಬೋಕಿಗೆಷ್ಟು?
ಗಾದೆ ಕಟ್ಟಿದವರು ಆ ಲೆಕ್ಕ ಬಿಟ್ಟೇ ಹೋದರು.

ತೊಂಗಾದ ಹಿನ್ನೀರ ದಂಡೆ. ಮಟಮಟ ಮಧ್ಯಾಹ್ನ.
ಲೆಸಿಯೆಲಿಯ ಗೆಣಸಿನ ಪಾತಿಗೆ ದಾರ ಕಟ್ಟಿ
ಚೌಕ ಚೌಕವಾಗಿ ಅಗೆಯುತ್ತಿದ್ದಾರೆ.
ಮೊಳದಾಳ ಬರೀ ಚಿಪ್ಪು, ಆಮೆಯ ಮೂಳೆ, ಬೂದಿ.
ಮೂರು ಮೊಳಕ್ಕೆ
ಜರಡಿಯಲ್ಲಿ ಟಣ್ ಎಂದಿತು
ಅಂಗೈಯಗಲದ ಒಂದು ತುಂಡು, ಕೆಂಪು,
ಕಂಠದ ಸುತ್ತ ಬಾಚಣಿಗೆಯ ಹಲ್ಲೂರಿದ ಚುಕ್ಕಿಸಾಲು.

ತೊಳೆಯುವ ಹುಡುಗ ಫೆಲೆತಿ ಅದನ್ನು
ಅತ್ತೆ ಒಣಹಾಕಿದ ನಾರುಮಡಿಯ ಪಕ್ಕ ಹಿಡಿದ.
ಅಲ್ಲೂ ಅದೇ ಸಾಲು, ಮಸಿಯಲ್ಲಿ.
ಯಾರೂ ಹೇಳಿಕೊಟ್ಟದ್ದಲ್ಲ ಎನ್ನುತ್ತಾಳೆ ಆಕೆ.
ಅಂದರೆ, ಎಲ್ಲರೂ ಹೇಳಿಕೊಟ್ಟದ್ದು.

ಚಿತ್ತಾರವನ್ನು ಕದಿಯಬಹುದು, ಕನಸಲ್ಲಿ ಕಾಣಬಹುದು,
ಎರಡು ಕಡಲಾಚೆ ಎರಡು ಕೈ
ಒಂದೇ ಗೆರೆ ಎಳೆದಾವು; ಎಲ್ಲ ಕೈಗೂ ಬೆರಳು ಐದೇ ತಾನೆ.
ಅದಕ್ಕೇ ಮರಳು ಓದುವಾಕೆ ಚಿತ್ತಾರ ನಂಬಲಿಲ್ಲ.
ತುಂಡಿನ ಅಂಚನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸೀಳಿ
ಗಾಜಿನಡಿ ಇಟ್ಟು ಕಣ್ಣು ಕಿರಿದು ಮಾಡಿದಳು.
ಈ ದ್ವೀಪದ ಮರಳೆಲ್ಲ ಹವಳದ ಹುಡಿ, ಹಿಟ್ಟಿನಂಥದು.
ಮಡಕೆಯ ಮಣ್ಣಿಗೆ ಬೆರೆಸಿದ್ದೋ
ಬೆಣಚಿನ ಹರಳು. ಚೂಪು.
ಯಾವುದೋ ಹೊಳೆ ಹೆತ್ತದ್ದು.
ಈ ನೆಲಕ್ಕೆ ಹೊಳೆಯೇ ಇಲ್ಲ.

ಪಡುವಣದಿಂದ, ಅಂದಳು, ಬಹುದೂರದಿಂದ,
ಬಹುಶಃ ಎಂಬುದನ್ನು ಎರಡು ಸಲ ಸೇರಿಸಿ.

ದೋಣಿಯಲ್ಲಿ ಮಡಕೆಯೆಂದರೆ ಹಸುಗೂಸು:
ಮಲಗಿಸುವಂತಿಲ್ಲ, ಕೈ ಬಿಡುವಂತಿಲ್ಲ.
ಯಾರದೋ ಎರಡು ಮೊಣಕಾಲ ನಡುವೆ
ಎಷ್ಟು ಹಗಲು, ಎಷ್ಟು ಚುಕ್ಕಿ
ಒಳಗೆ ನೀರಿತ್ತೋ, ಬಿತ್ತನೆಯ ಗೆಡ್ಡೆಯೋ,
ಅಜ್ಜನ ಎಲುಬೋ
ಮರಳು ಅದನ್ನು ಹೇಳುವುದಿಲ್ಲ.

ಆಮೇಲೆ ಈ ದಡದವರು ಮಣ್ಣನ್ನೇ ಮರೆತರು.
ಒಲೆ ನೆಲದೊಳಗೆ ಇಳಿಯಿತು, ಬಾಳೆಲೆ ಸಾಕಾಯಿತು.
ತಿಗರಿ ಮೊದಲೇ ಇರಲಿಲ್ಲ; ಕೈಯೂ ಬೇಡವೆಂದಿತು.
ಎಷ್ಟೋ ಕಾಲ ಕಳೆದು ಫಿಜಿಯಿಂದ
ಮತ್ತೆ ಮಡಕೆ ಬಂತು, ಹೆಸರನ್ನೂ ಹೊತ್ತುಕೊಂಡು.
ಇವತ್ತಿಗೂ ಲೆಸಿಯೆಲಿಯ ಅಲ್ಯುಮಿನಿಯಂ ಪಾತ್ರೆ ಕುಲೋ.
ತಳ ಮಸಿ ಹಿಡಿದು, ಒಂದು ಕಿವಿ ಕಳಚಿ,
ಫಿಜಿಯ ಮಾತಲ್ಲಿ ಕುದಿಯುತ್ತದೆ.

ಸಂಜೆ, ತುಂಡಿಗೆ ಅಂಕೆ ಬರೆದು ಹತ್ತಿಯಲ್ಲಿ ಸುತ್ತುವಾಗ
ಆಕೆ ಕೈ ನೀಡಿ ಇಸಿದುಕೊಂಡಳು.
ಎಲ್ಲಿಂದ ಬಂತೆಂದು ಕೇಳಲಿಲ್ಲ.
ಒಳಮೈ ತಡವಿದಳು. ಅಲ್ಲೊಂದು ಹೆಬ್ಬೆರಳ ಗುಳಿ.
ತನ್ನದನ್ನು ಇಟ್ಟು ನೋಡಿದಳು;
ಹಿಡಿಸಲಿಲ್ಲ, ಅದು ಚಿಕ್ಕದು.

"ಇಡೀ ಕಡಲು ದಾಟಿ ಒಡೆಯದ್ದು
ದಡದಿಂದ ಹತ್ತು ಮಾರಿನಲ್ಲಿ ಒಡೆಯಿತಲ್ಲ," ಅಂದಳು,
"ಆ ಹುಡುಗಿಗೆ ಏನೆಂದು ಬೈದರೋ,
ಯಾವ ಮಾತಲ್ಲಿ ಬೈದರೋ."