ಓಟಿನ ಚೂರು

ರುವೈಸಿನಿಂದ ಅಬುಧಾಬಿಗೆ ಇನ್ನೂರ ನಲವತ್ತು ಕಿಲೋಮೀಟರು.
ಒಂದು ಹೆಸರು ಬರೆಯಲಿಕ್ಕೆ ಅಷ್ಟು ದೂರ ಹೋಗುವವರನ್ನು
ನಾನು ಮೊದಲು ಕಂಡದ್ದು ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ,
ಉಪವಾಸದ ಮೊದಲ ದಿನ.

ಇನೋಮಾತ ಸಾನ್, ರಿಫೈನರಿಯ ವಾಲ್ವುಗಳ ಲೆಕ್ಕದವರು,
ಹಿಂದಿನ ಸೀಟಿನಲ್ಲಿ ಕೂರುವ ಪೈಕಿಯಲ್ಲ.
ನನ್ನ ಪಕ್ಕ ಕೂತು, ನೀರಿನ ಬಾಟಲಿಯನ್ನು
ಕಾಲಬುಡಕ್ಕೆ ತಳ್ಳಿ, "ನೀವು ಕುಡಿಯುವ ತನಕ, ಮೋನಾಬು ಸಾನ್."
ಮೋನಬ್ಬ ಎಂಬುದು ಅವರ ಬಾಯಲ್ಲಿ ಹಾಗೆ ತಿರುಗಿತ್ತು.
ನಾನು ತಿದ್ದಲಿಲ್ಲ.

ತರೀಫ್ ದಾಟುವಾಗ ಬೇಲಿಯಾಚೆ ಒಂಟೆಗಳು.
"ನಮ್ಮ ತೊತ್ತೋರಿಯಲ್ಲೂ ಮರಳದಿಬ್ಬ ಇದೆ,
ಒಂಟೆಯೂ ಇದೆ. ಫೋಟೊಕ್ಕೆ ನಿಲ್ಲುವುದೇ ಅದರ ನೌಕರಿ."
ಆಮೇಲೆ ಅಕ್ಕನ ಕತೆ: ಬಿಳಿ ಕೈಗವಸು ತೊಟ್ಟು
ವ್ಯಾನಿನ ಕಿಟಕಿಯಿಂದ ಕೈಬೀಸುತ್ತ
ಹನ್ನೆರಡು ದಿನ ಒಂದೇ ಹೆಸರು ಕೂಗಿದವಳು.
ರಸ್ತೆಯ ಮಾತಿಲ್ಲ, ತೆರಿಗೆಯ ಮಾತಿಲ್ಲ, ಬರೀ ಹೆಸರು,
ಗದ್ದೆಯ ಬೆರ್ಚಪ್ಪನಿಗೂ ಬಾಯಿಪಾಠವಾಗುವಷ್ಟು.
ಅಜ್ಜನ ಕುರ್ಚಿ ಅಪ್ಪನಿಗೆ, ಅಪ್ಪನದು ಮಗನಿಗೆ.
"ಮನೆತನದ ಹೆಸರು ಅದೇ. ನಮ್ಮ ಪೆನ್ಸಿಲ್ಲಿಗೆ ಕಣ್ಣೇ ಬೇಡ."
ಅದರಲ್ಲೇನು ವಿಶೇಷ, ಅಂದೆ.
ನಮ್ಮಲ್ಲಿ ಪೆನ್ಸಿಲ್ಲೊಂದೇ ಇಲ್ಲ.

ಈ ಸಲ ಬೇರೆ ಹೆಸರು ಎಂದರು, ಮಫ್ರಕ್ ಸೇತುವೆಯ ಕೆಳಗೆ,
ಅಕ್ಕನಿಗೆ ಕೇಳಿಸೀತೆಂಬಷ್ಟು ಮೆಲ್ಲಗೆ.

ಎಂಬೆಸಿಯ ಹೊರಗೆ ಅರ್ಧ ನೆರಳಿನಲ್ಲಿ ಕಾದೆ.
ಬಂದಾಗ ಮೊದಲು ಉಗುರು ನೋಡಿದೆ. ಶಾಯಿಯಿಲ್ಲ.
ಕಿರುಬೆರಳ ಅಂಚಿಗೆ ಸೀಸದ ಬೂದು ಮಸಿ, ಅಷ್ಟೇ.
ಮೈಸೂರಿನ ಶಾಯಿ ನನ್ನ ಉಗುರಿಗೆ ತಾಗಿ
ಆಗಲೇ ಹದಿನೇಳು ವರ್ಷ.
ಉಳ್ಳಾಲದ ಪಟ್ಟಿಯಲ್ಲಿ ನನ್ನ ಮೇಲೆ ಗೆರೆ ಎಳೆದವನಿಗೆ
ನಾನು ಸತ್ತರೂ ಒಂದೇ, ಗಲ್ಫಿನಲ್ಲಿದ್ದರೂ ಒಂದೇ.

ಅವರು ಬರೆದ ಹೆಸರು ಸೋತಿತು, ಬರೆದ ಪಕ್ಷ ಗೆದ್ದಿತು.
ಇಫ್ತಾರಿಗೆ ಪೆಟ್ಟಿಗೆ ತುಂಬ ಊರಿನ ಪೇರ್ ಹಣ್ಣು ತಂದರು,
ಒಂದೊಂದಕ್ಕೂ ಬಿಳಿ ಬಲೆಯ ಅಂಗಿ.

ಆಮೇಲೆ ಪ್ರಧಾನಿಗಳು ಬಂದರು, ಹೋದರು;
ಆಫೀಸಿನ ಗೋಡೆಯ ಕ್ಯಾಲೆಂಡರಾದರೂ ಡಿಸೆಂಬರ್ ತನಕ ತಡೆಯಿತು.
ಕಡಲೆದ್ದು ಅಣುಸ್ಥಾವರ ಒಡೆದ ವರ್ಷ
ಅಲ್ಲಿ ದೀಪ ಆರಿತು, ಇಲ್ಲಿ ಓವರ್‌ಟೈಮ್ ಹತ್ತಿಕೊಂಡಿತು.
ದಾಸ್ ದ್ವೀಪದಿಂದ ಗ್ಯಾಸಿನ ಹಡಗಿನ ಹಿಂದೆ ಹಡಗು.
ತಂಗಿಯ ಮನೆಗೆ ತಾರಸಿ ಬಿದ್ದದ್ದು ಆ ದುಡ್ಡಿನಲ್ಲಿ.
ಇನೋಮಾತರಿಗೆ ಇದನ್ನು ಹೇಳಿಲ್ಲ.

ಹನ್ನೆರಡರ ಡಿಸೆಂಬರಿನಲ್ಲಿ ಮತ್ತೆ ಅದೇ ದಾರಿ.
ಮಂಜು. ಮುಂದಿನ ಟ್ರಕ್ಕಿನ ಕೆಂಪು ದೀಪ ಹಿಡಿದು ಹೋದೆ.
ಅವರು ಮಾತಾಡಲಿಲ್ಲ. ನಾನು ಕೇಳಲಿಲ್ಲ.
ಹಳೇ ಪಕ್ಷ ತನ್ನ ಹಳೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡಿತು.

ಕೊನೆಯ ಸಲ ಇಪ್ಪತ್ತೊಂದರಲ್ಲಿ, ಇಬ್ಬರಿಗೂ ಮಾಸ್ಕು.
ಆ ಹೊಸ ಪಕ್ಷ ಒಡೆದೊಡೆದು ಎರಡಾಗಿ,
ಎರಡೂ ಒಂದೇ ಗಿಡ್ಡ ಹೆಸರು ಇಟ್ಟುಕೊಂಡಿದ್ದವು.
"ಆ ಗಿಡ್ಡ ಹೆಸರನ್ನೇ ಬರೆದೆ" ಎಂದರು.
ಹಾಗಾದರೆ ಹೋದದ್ದು ಯಾರಿಗೆ?
"ಹಂಚುತ್ತಾರೆ. ಉಳಿದ ಓಟುಗಳ ಪ್ರಮಾಣ ನೋಡಿ
ಇವರಿಗಿಷ್ಟು, ಅವರಿಗಿಷ್ಟು, ದಶಮಾಂಶ ಮೂರು ಸ್ಥಾನದ ತನಕ."

ನಗು ಬಂತು. ಅಂಜಲ್ ಮೀನು ತುಂಡು ಮಾಡಿದ ಹಾಗೆ ಓಟು!
ನಗು ನಿಂತ ಮೇಲೂ ಲೆಕ್ಕ ನಿಲ್ಲಲಿಲ್ಲ:
ಮೂರನೆಯ ಸ್ಥಾನದ ಆಚೆ ಏನೋ ಉಳಿಯಬೇಕಲ್ಲ?
ಅದನ್ನು ಗುಡಿಸುವವರು ಯಾರು? ಎಲ್ಲಿ ಹಾಕುತ್ತಾರೆ?
ಈ ನೆಲದಲ್ಲಿ ಅವರಿಗೂ ಓಟಿಲ್ಲ, ನನಗೂ ಇಲ್ಲ.
ಆದರೂ ಕೇಳಬೇಕೆನಿಸಿತು, ಯಾರಿಗೂ ಬೇಡವಾದರೆ ಆ ಚೂರು...

ಕೇಳಲಿಲ್ಲ.
ಮಿರ್ಫದ ಬಂಕಿನಲ್ಲಿ ಎರಡು ಕರಕ್ ಚಾ ತಂದೆ.
ಉಳಿದ ಇಪ್ಪತ್ತೈದು ಫಿಲ್ಸಿನ ಬಿಲ್ಲೆಯನ್ನು
ಡ್ಯಾಶ್‌ಬೋರ್ಡಿನ ಮೇಲಿಟ್ಟೆ.
ರುವೈಸಿನ ತನಕ ಅದು
ಗಲಗಲ ಅನ್ನುತ್ತಲೇ ಬಂತು.