ನಲವತ್ತೊಂದನೇ ಪುಟ

ಫಸ್ಟ್ ಶೋ ಬಿಟ್ಟಿತು. ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿ ತನ್ನ ಐವತ್ತೆಂಟು ಡಬ್ಬಿ ಎಳೆದು ಮುಗಿಸುವಷ್ಟರಲ್ಲಿ
ಕೊಟ್ರೇಶಿ ಮಿಣುಕನನ್ನು ಹನ್ನೊಂದು ಸಲ ಕೊಂದಿದ್ದ.

"ಮೈಯಾಗಿನ ಬೆಳಕು ಖಾಲಿ ಆತಂದ್ರ ಒಂದು ಹಗಲು ಪೂರ್ತಿ
ಬಿಸಿಲಾಗ ಅಂಗಾತ ಮಲಗಬೇಕು ಅವನು. ಅದು ನೇಮ.
ಪುಸ್ತಕದಾಗ ಬರದೈತಿ. ಇಲ್ಲಿ ನೋಡಿದ್ರ
ಎರಡು ರಾತ್ರಿ ಬಿಡದಂಗ ಬಡಿದಾಡ್ತಾನ.
ನಡುವಿನ ಹಗಲು ಯಾರು ನುಂಗಿದರಲೇ?"

"ಹಾಡು ನುಂಗ್ತು," ಅಂದ ಬಾಬಾಜಾನ್.

ಗೇಟು ಎದ್ದಿತು. ಜಗಳ ನಮ್ಮ ಜೊತೆಗೇ ಹಳಿ ದಾಟಿ
ಮುರಿಗೆಪ್ಪನ ಹೋಟೆಲಿನ ಕೊನೆಯ ಹಂಚಿನ ಮುಂದೆ ಕುಳಿತಿತು.
ಬೆಣ್ಣೆ ಚುಂಯ್ ಅಂದಿತು.

ಬಾಬಾಜಾನ್‌ಗೆ ಹೆರಿಗೆ ವಾರ್ಡಿನ ಸೀನು ಸಾಕು:
ಊರಿಗೆ ಊರೇ ಕತ್ತಲು, ಮಿಣುಕ ಕಿಟಕಿಯ ಹೊರಗೆ ಜೋತುಬಿದ್ದು
ತನ್ನ ಕಡೆಯ ಬೆಳಕನ್ನು ಒಂದು ಕೂಸಿನ ತಲೆಯ ಮೇಲೆ ಹಿಡಿಯುವುದು.
"ಅದೊಂದಕ್ಕೇ ದುಡ್ಡು ವಸೂಲಿ."
"ಜನರೇಟರ್ ಇರತೈತಲ್ಲೋ," ಅಂದಳು ಪುಷ್ಪಲತಾ,
ನೈಟ್ ಡ್ಯೂಟಿ ಮಾಡುವವಳು. "ಹತ್ತು ಸೆಕೆಂಡಿಗೆ ಶುರುವಾಗತೈತಿ.
ಅವನು ಜೋತುಬೀಳೋ ಕಾರಣವೇ ಇರಲಿಲ್ಲ.
ಆದ್ರೂ ಅತ್ತೆ ನಾನು. ಸುಳ್ಳು ಯಾಕೆ ಹೇಳಲಿ."

ಮುರಿಗೆಪ್ಪ ದೋಸೆ ಎಬ್ಬಿಸಿ ದೀಪಕ್ಕೆ ಹಿಡಿದ.
"ಎಲ್ಲರ ಮನೆ ದೋಸೇನೂ ತೂತೇ.
ತೂತಿಲ್ಲದಿದ್ರ ಬೆಣ್ಣೆ ಎಲ್ಲಿ ಇಳೀಬೇಕ್ರಪಾ?"
"ನಿನ್ನ ದೋಸೆಗೆ ಇನ್ನೂರು ರೂಪಾಯಿ ಟಿಕೀಟಿಲ್ಲಲ್ಲಣ್ಣಾ!"
ಕೊಟ್ರೇಶಿ ಬಗ್ಗುವ ಪೈಕಿ ಅಲ್ಲ.

"ಅದೆಲ್ಲಾ ಬಿಡು. ತಾಯಿ. ಹೆತ್ತ ತಾಯಿ.
ನಾಲ್ಕು ಬೆರಳಗಲ ಬಟ್ಟೆ ಕಣ್ಣಿಗೆ ಕಟ್ಟಿಕೊಂಡ್ರ
ಮಗನ ಗುರುತು ಹತ್ತಂಗಿಲ್ಲ ಅಕೀಗೆ?
ಪುಸ್ತಕದ ನಲವತ್ತೊಂದನೇ ಪುಟ ತೆಗಿ:
ದೀಪ ಎತ್ತತಾಳ, ಮುಸುಕು ಸರಿಸ್ತಾಳ, ಕಣ್ಣಾಗ ನೀರು.
ಅಂಥಾ ಪುಟಾನೇ ತಿಂದುಬಿಟ್ಟಾರ."

ಬಾಬಾಜಾನ್ ತಟ್ಟೆಯ ಅಂಚಿನ ಚಟ್ನಿಯನ್ನು
ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದ.
"ಎರಡು ವರ್ಷ," ಅಂದ, "ಕಾಲೇಜಿಗೆ ಹೊಂಟೆ ಅಂತ
ಮಂಡಕ್ಕಿ ಭಟ್ಟಿಗೆ ಹೋದೆ. ಕಿವಿಯೊಳಗೆಲ್ಲಾ ಮಸಿ.
ಅಮ್ಮಿ ಒಂದಿನ ಕೇಳಲಿಲ್ಲ.
ಬಚ್ಚಲ ಬಾಗಿಲ ಹಿಂದೆ ಇನ್ನೊಂದು ಟವೆಲ್ ಬಂತು ಅಷ್ಟೇ.
ಕರೀದು.
ಗುರುತು ಹತ್ತಲಿಲ್ಲ ಅಂತ ನಿನಗ್ಯಾರು ಹೇಳಿದ್ರು?
ಅನ್ನ ಬಡಿಸುವಾಗ ಅಕಿ ಮುಖಾನೇ ನೋಡಂಗಿಲ್ಲ,
ಕೈ ನೋಡ್ತಾಳ. ಇನ್ನೊಮ್ಮೆ ಹೋಗಿ ನೋಡು."

ಯಾರೂ ಮಾತಾಡಲಿಲ್ಲ.
ಮುರಿಗೆಪ್ಪ ಹಂಚಿಗೆ ನೀರು ಚಿಮುಕಿಸಿದ, ಪೊರಕೆ ಎಳೆದ.
"ಆದ್ರೂ," ಅಂದ ಕೊಟ್ರೇಶಿ, ದನಿ ಇಳಿಸಿ, "ಆ ಹಗಲು ಎಲ್ಲಿ ಹೋತು?"
ಎಲ್ಲರೂ ನಕ್ಕರು. ನನ್ನ ಕಡೆ ತಿರುಗಿದರು.
"ನೀ ಏನಂತೀಯೇ ಸರ್ವಮಂಗಳಾ?"

ನಾನು ಏನೂ ಅನ್ನಲಿಲ್ಲ.

ಮಂಡಿಪೇಟೆಯ ಬಾಡಿಗೆ ಪುಸ್ತಕದಂಗಡಿ, ದಿನಕ್ಕೆ ಎಂಟಾಣೆ,
ನಮ್ಮೆಲ್ಲರ ಮಿಣುಕ ಆ ಒಂದೇ ಪ್ರತಿಯಲ್ಲಿದ್ದ.
ಕೊಟ್ರೇಶಿ ಒಯ್ದದ್ದು ನಾನು ತಿರುಗಿ ಕೊಟ್ಟ ಮೇಲೆ.
ನಲವತ್ತರಲ್ಲಿ ತಾಯಿ ಕದ ತೆಗೆಯುತ್ತಾಳೆ.
ನಲವತ್ತಮೂರರಲ್ಲಿ ಅವನು ಉಣ್ಣುತ್ತಿದ್ದಾನೆ.
ನಡುವಿನ ಹಾಳೆ ಹರಿದವಳು ನಾನು, ಐದನೇ ಕ್ಲಾಸಿನಲ್ಲಿ.

ದೀಪ ಇರಲಿಲ್ಲ ಅದರಲ್ಲಿ. ಕಣ್ಣೀರೂ ಇರಲಿಲ್ಲ.
ಒಂದು ಬದಿ ಹಲ್ಲುಪುಡಿಯ ಜಾಹೀರಾತು.
ಇನ್ನೊಂದು ಬದಿ ಕೂಪನ್ನು:
ಮಿಣುಕನ ಅಸಲಿ ಮುಖವಾಡ, ಐದು ರೂಪಾಯಿ ಕಳಿಸಿರಿ.

ಕಳಿಸಿದೆ. ಅವ್ವನ ಸಾಸಿವೆ ಡಬ್ಬಿಯ ಐದು ರೂಪಾಯಿ.
ಯಾರಿಗೂ ಹೇಳಿರಲಿಲ್ಲ.
ಶಾಲೆ ಬಿಟ್ಟು ಓಡಿ ಬಂದು ಹೊಸ್ತಿಲಲ್ಲಿ ಏದುಸಿರು ಬಿಡುವಾಗ
ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ,
ನಾನು ಬಾಯಿ ತೆರೆಯುವ ಮುಂಚೆ ಅನ್ನುತ್ತಿದ್ದಳು:
"ಇವತ್ತೂ ಬಂದಿಲ್ಲ."